ಕೊಲಂಬೊದಲ್ಲಿ ಎರಡು ವೋಟಿನ ಅಂತರ

ಗಾಲ್ ಫೇಸ್ ಮೈದಾನದ ಉತ್ತರದ ತುದಿಗೆ, ಸಮುದ್ರಕ್ಕೆ ಮುಖ ಮಾಡಿ ಒಂದು ಭಾರೀ ಕಂಬಗಳ ಕಟ್ಟಡವಿದೆ. ಈಗ ಶ್ರೀಲಂಕಾ ಅಧ್ಯಕ್ಷರ ಸಚಿವಾಲಯ. ನಮ್ಮಂಥವರಿಗೆ ಒಳಗೆ ಪ್ರವೇಶವಿಲ್ಲ, ಬೇಲಿಯಾಚೆಯಿಂದ ನೋಡಿದ್ದಷ್ಟೇ ಭಾಗ್ಯ. ಎದುರಿನ ಗಾಡಿಯವ ಕಡಲೆಬೇಳೆ ವಡೆಯಂಥದ್ದರ ಮೇಲೆ ಇಡೀ ಸಿಗಡಿಗಳನ್ನು ಒತ್ತಿ ಕರಿದು, ಈರುಳ್ಳಿ, ಖಾರದ ರಸ ಸುರಿದು ಕೊಡುತ್ತಿದ್ದ. ಇಸ್ಸೊ ವಡೆ. ಕಣ್ಣಲ್ಲಿ ನೀರು ಬರಿಸಿಕೊಂಡೇ ತಿಂದೆ.

2022ರಲ್ಲಿ ಅಧ್ಯಕ್ಷರು ಇಳಿಯಲಿ ಎಂದು ಜನ ಡೇರೆ ಹಾಕಿ ಕೂತದ್ದು ಇಲ್ಲೇ. ನಾನು ಬಂದದ್ದು ಮಾತ್ರ ಅದಕ್ಕಿಂತ ಹಳೆಯ ಕಥೆಗಾಗಿ. 1930ರ ಜನವರಿಯಲ್ಲಿ ಗವರ್ನರ್ ಹರ್ಬರ್ಟ್ ಸ್ಟ್ಯಾನ್ಲಿ ಉದ್ಘಾಟಿಸಿದ ಈ ಕಟ್ಟಡದಲ್ಲಿ ಮರುವರ್ಷ ಬಂದು ಕೂತದ್ದು, 21 ತುಂಬಿದ ಗಂಡಸರೂ ಹೆಂಗಸರೂ ವೋಟು ಹಾಕಿ ಆರಿಸಿದ ಸ್ಟೇಟ್ ಕೌನ್ಸಿಲ್. ಇಂಗ್ಲೆಂಡಿನಲ್ಲೇ ಹೆಂಗಸರಿಗೆ ಗಂಡಸರಷ್ಟೇ ಹಕ್ಕು ಸಿಕ್ಕಿ ಆಗಿನ್ನೂ ಮೂರು ವರ್ಷ. ನಮ್ಮಲ್ಲಿ 1937ರ ಚುನಾವಣೆಗೂ ಆಸ್ತಿ, ತೆರಿಗೆ, ಓದು ಎಂದು ಜರಡಿ ಹಿಡಿದೇ ಮತದಾರರನ್ನು ಆರಿಸುತ್ತಿದ್ದರು.

ಹಾಗಂತ ಬ್ರಿಟಿಷರದು ಉದಾರ ಮನಸ್ಸು ಎನ್ನುವಂತಿಲ್ಲ. ಕೌನ್ಸಿಲ್ಲಿನ 61 ಜನರಲ್ಲಿ ಗೆದ್ದು ಬರುವವರು 50. ಎಂಟು ಮಂದಿ ಗವರ್ನರ್ ನೇಮಿಸಿದವರು, ಮೂವರು ದೊಡ್ಡ ಅಧಿಕಾರಿಗಳು. ಹಣಕಾಸು, ಕಾನೂನು, ರಕ್ಷಣೆ ಆ ಮೂವರ ಕೈಯಲ್ಲೇ. ಉಳಿದ ಇಲಾಖೆಗಳಿಗೆ ಏಳು ಸಮಿತಿ. ಎಲ್ಲಕ್ಕೂ ಮೇಲೆ ಗವರ್ನರರ ವಿಶೇಷಾಧಿಕಾರ. ಮನೆ ನಿನ್ನದೇ, ಬೀಗದ ಕೈ ಮಾತ್ರ ನನ್ನ ಹತ್ತಿರ ಎಂದ ಹಾಗೆ.

ಅಲ್ಲಿಂದ ಆಟೋದಲ್ಲಿ ಕೋಟೆ ಪ್ರದೇಶಕ್ಕೆ ಹೋದರೆ ಗೋರ್ಡನ್ ಗಾರ್ಡನ್ಸ್ ಉದ್ಯಾನದ ಪಕ್ಕದ ರಿಪಬ್ಲಿಕ್ ಬಿಲ್ಡಿಂಗ್. ಈಗ ವಿದೇಶಾಂಗ ಸಚಿವಾಲಯ, ಆಗ ಹಳೆಯ ಶಾಸನ ಸಭೆ. 1833ರಲ್ಲಿ ಶುರುವಾದ ಆ ಸಭೆಯಲ್ಲಿ ಗವರ್ನರರನ್ನು ಬಿಟ್ಟರೆ ಇದ್ದದ್ದು 15 ಮಂದಿ. ಅದರಲ್ಲಿ ಒಂಬತ್ತು ಸರ್ಕಾರಿ ಅಧಿಕಾರಿಗಳು, ಮೂವರು ಯೂರೋಪಿಯನ್ನರು. ಸಿಂಹಳೀಯರಿಗೊಂದು, ತಮಿಳರಿಗೊಂದು, ಯೂರೋಪಿಯನ್-ಸ್ಥಳೀಯ ಮಿಶ್ರ ಮೂಲದ ಬರ್ಗರ್ ಸಮುದಾಯಕ್ಕೊಂದು ಕುರ್ಚಿ. ಮೊದಲ ಚುನಾವಣೆಗೆ 1911ರವರೆಗೆ ಕಾಯಬೇಕಾಯಿತು. ಅದೂ ನಾಲ್ಕೇ ಸ್ಥಾನಕ್ಕೆ: ಎರಡು ಯೂರೋಪಿಯನ್ನರಿಗೆ, ಒಂದು ಬರ್ಗರರಿಗೆ, ಉಳಿದವರಿಗೆಲ್ಲ ಸೇರಿ 'ವಿದ್ಯಾವಂತ ಸಿಲೋನಿಗರು' ಎಂಬ ಒಂದೇ ಸ್ಥಾನ, ಅದಕ್ಕೆ ಸುಮಾರು ಮೂರು ಸಾವಿರ ಮತದಾರರು. ಆ ಸ್ಥಾನ ಗೆದ್ದವರು ಪೊನ್ನಂಬಲಂ ರಾಮನಾಥನ್. ತಮಿಳರಾದ ಅವರಿಗೆ ಸಿಂಹಳೀಯರೂ ವೋಟು ಹಾಕಿದ್ದರು.

ಸಿಲೋನಿನ ಆಡಳಿತ ಸುಧಾರಣೆಗೆಂದು ಬ್ರಿಟಿಷರು ಕಳಿಸಿದ ಡೊನೊಮೋರ್ ಆಯೋಗ ಎಲ್ಲರಿಗೂ ಮತ ಕೊಡಿ ಎಂದಾಗ ಅಡ್ಡ ನಿಂತವರು ಇದೇ ರಾಮನಾಥನ್. ಸಿಲೋನ್ ನ್ಯಾಷನಲ್ ಕಾಂಗ್ರೆಸ್ಸಿನ ದೊಡ್ಡವರು ತಿಂಗಳಿಗೆ 50 ರೂಪಾಯಿ ದುಡಿಯುವವರಿಗೆ ಸಾಕು ಎನ್ನುತ್ತಿದ್ದರು. ಎಲ್ಲರಿಗೂ ಬೇಕು ಎಂದು ಹಟ ಹಿಡಿದವರು ಕಾರ್ಮಿಕ ನಾಯಕ ಗುಣಸಿಂಹ, ಹೆಂಗಸರ ಪರವಾಗಿ ಆಗ್ನೆಸ್ ಡಿ ಸಿಲ್ವ. 1929ರ ಡಿಸೆಂಬರಿನಲ್ಲಿ ಹಳೆಯ ಸಭೆ ಆಯೋಗದ ಶಿಫಾರಸುಗಳನ್ನು ಒಪ್ಪಿದ್ದು 19-17ರಲ್ಲಿ. ಇನ್ನೆರಡು ಕೈ ಆ ಕಡೆ ಎದ್ದಿದ್ದರೆ? ನನಗೆ ಅನಿಸುವುದು, ಪರಕೀಯರಿಗಿಂತ ಅಲ್ಲಿನ ಮೇಲ್ವರ್ಗಕ್ಕೇ ಬಡವರ ವೋಟಿನ ಭಯ ಜಾಸ್ತಿಯಿತ್ತು.

ಸಂಜೆ ಕೊಚ್ಚಿಕಡೆಯ ಪೊನ್ನಂಬಲವಾಣೇಶ್ವರ ಗುಡಿಗೆ ಹೋದೆ. ರಾಮನಾಥನ್ ಪೂರ್ತಿ ಕಲ್ಲಿನಲ್ಲಿ ಮತ್ತೆ ಕಟ್ಟಿಸಿದ್ದು. ಎಣ್ಣೆ ಕುಡಿದು ಕಪ್ಪಾದ ಕಂಬಗಳು, ಕಾಲಿಗೆ ತಣ್ಣನೆಯ ನೆಲ. ಇಷ್ಟು ಚೆಂದದ ಗುಡಿ ಕಟ್ಟಿಸಿದವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಕಷ್ಟ.

ಮರುದಿನ ಹ್ಯಾಟನ್ ಕಡೆಯ ರೈಲು ಹತ್ತಿದೆ. ಘಟ್ಟ ಏರುತ್ತಿದ್ದಂತೆ ಇಕ್ಕೆಲದಲ್ಲೂ ಟೀ ತೋಟ, ನಡುವೆ ಹೆಣೆದ ಚೀಲ ಬೆನ್ನಿಗೆ ಹಾಕಿಕೊಂಡ ಹೆಂಗಸರು. ತಮಿಳುನಾಡಿನಿಂದ ಬಂದ ಕೂಲಿಗಳ ಮಕ್ಕಳು, ಮೊಮ್ಮಕ್ಕಳು. 1931ರಲ್ಲೂ ಇವರಿಗೆ ಎಲ್ಲರಂತೆ ನೇರವಾಗಿ ವೋಟು ಸಿಗಲಿಲ್ಲ. ಇಲ್ಲೇ ನೆಲೆಸಿದ್ದೇವೆಂದು ತೋರಿಸಬೇಕಿತ್ತು. ಹಾಗೆ ತೋರಿಸಿ ಪಡೆದದ್ದೂ ಉಳಿಯಲಿಲ್ಲ. 1948ರಲ್ಲಿ ಸ್ವತಂತ್ರ ಸಿಲೋನಿನ ಸಂಸತ್ತು ಪೌರತ್ವ ಕಾಯಿದೆ ಮಾಡಿ ಇವರಲ್ಲಿ ಬಹುಪಾಲು ಜನರನ್ನು ಹೊರಗಿಟ್ಟಿತು, ವೋಟೂ ಹೋಯಿತು. ಆ ಸಂಸತ್ತು ಕೂಡುತ್ತಿದ್ದದ್ದು ಗಾಲ್ ಫೇಸಿನ ಅದೇ ಕಟ್ಟಡದಲ್ಲಿ. ಉಳಿದವರ ಪೌರತ್ವ ಇತ್ಯರ್ಥಕ್ಕೆ 2003ರ ಕಾಯಿದೆಯೇ ಬರಬೇಕಾಯಿತು.