ಒಂದು ವಾರ ಮೊದಲು ನೋಡಿಬಂದ ದಾರಿ

ಚಾರಣ ಏರ್ಪಡಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನನ್ನ ಕೆಲಸ. ದಾರಿ ಗೊತ್ತುಮಾಡುವುದು, ಬಸ್ಸು ಮತ್ತು ಊಟಕ್ಕೆ ಹೇಳುವುದು, ತಂಡದ ಮುಂದೆ ನಡೆಯುವುದು, ಎಡವಟ್ಟಾದರೆ ಮೊದಲ ಬೈಗುಳ ತಿನ್ನುವುದು, ಎಲ್ಲವೂ ಅದರೊಳಗೇ ಬರುತ್ತದೆ. ಮೊದಲ ಐದು ವರ್ಷ ಮಲೆನಾಡಿನ ಬೆಟ್ಟಗಳಲ್ಲೇ ಕಳೆದೆ. ಕುಮಾರ ಪರ್ವತವನ್ನೋ ಕೊಡಚಾದ್ರಿಯನ್ನೋ ಒಮ್ಮೆ ಸರಿಯಾಗಿ ನೋಡಿಬಂದರೆ ಮುಂದಿನ ವಾರ ಕಣ್ಣುಮುಚ್ಚಿ ತಂಡವನ್ನು ಕರೆದೊಯ್ಯಬಹುದು. ಹಳ್ಳ ತುಂಬಬಹುದು, ಜಿಗಣೆ ಹೆಚ್ಚಬಹುದು. ಆದರೆ ಬೆಳಿಗ್ಗೆ ಕಂಡ ಕಾಲುದಾರಿ ಮಧ್ಯಾಹ್ನಕ್ಕೆ ಮಾಯವಾಗುವುದಿಲ್ಲ. ಆ ಧೈರ್ಯವನ್ನೇ ಹೊತ್ತು ನಾನು ಕಡಲತೀರಕ್ಕೆ ಇಳಿದೆ.

ಗೋಕರ್ಣದ ಕರಾವಳಿ ಚಾರಣ ಬಹಳ ಮಂದಿಗೆ ಗೊತ್ತಿರುವುದೇ. ಊರಿನ ಮುಖ್ಯ ಕಡಲತೀರದಿಂದ ತೆಂಕಣಕ್ಕೆ ಹೊರಟರೆ ಮೊದಲು ಕುಡ್ಲೆ, ಆಮೇಲೆ ಓಂ, ಹಾಫ್ ಮೂನ್, ಪ್ಯಾರಡೈಸ್, ಕೊನೆಗೆ ಬೇಲೆಕಾನ. ಒಂದು ತೀರಕ್ಕೂ ಇನ್ನೊಂದಕ್ಕೂ ನಡುವೆ ಕಡಲೊಳಗೆ ಮೂತಿ ಚಾಚಿದ ಚಿರೆಕಲ್ಲಿನ ಗುಡ್ಡ. ಗುಡ್ಡ ಹತ್ತಿದರೆ ಒಣಹುಲ್ಲು, ಮುಳ್ಳುಪೊದೆ, ಕೆಳಗೆ ಕರಿಬಂಡೆಗೆ ಬಡಿಯುವ ನೀರು. ಇಳಿದರೆ ಅಂಗೈಯಗಲದ ಮರಳ ಕೊಲ್ಲಿ. ಒಟ್ಟು ದೂರ ಹತ್ತು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಕುದುರೆಮುಖ ಹತ್ತಿಳಿದವನಿಗೆ ಇದು ಊಟವಾದ ಮೇಲಿನ ಅಡ್ಡಾಟದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಎರಡು ವರ್ಷದ ಹಿಂದಿನ ಜನವರಿಯಲ್ಲಿ ಬೆಂಗಳೂರಿನ ಒಂದು ಕಚೇರಿಯ 22 ಜನರ ತಂಡ ಒಪ್ಪಿಕೊಂಡಿದ್ದೆವು. ಹಿಂದಿನ ಶನಿವಾರವೇ ಸಹೋದ್ಯೋಗಿಯೊಬ್ಬರ ಜೊತೆ ಹೋಗಿ ದಾರಿ ನಡೆದು ನೋಡಿದೆ. ಹಾಫ್ ಮೂನಿನಿಂದ ಪ್ಯಾರಡೈಸಿಗೆ ಹೋಗುವಾಗ ಒಂದು ಕಡೆ ಗುಡ್ಡದ ದಾರಿ ಬಿಟ್ಟು ನೀರಂಚಿನ ಬಂಡೆಗಳ ಮೇಲೆ ಹಾದೆವು. ಹೆಚ್ಚೆಂದರೆ ಐವತ್ತು ಹೆಜ್ಜೆ. ಮಧ್ಯಾಹ್ನ ಹನ್ನೆರಡರ ಸುಮಾರು. ಬಂಡೆ ಒಣಗಿತ್ತು, ಶೂ ಸಹ ಒದ್ದೆಯಾಗಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ‘ಸುಲಭ, ಹತ್ತು ನಿಮಿಷ’ ಎಂದು ಬರೆದೆ. ಆ ಪುಟ ಈಗಲೂ ನನ್ನ ಬಳಿ ಇದೆ.

ತಂಡ ಹೊರಡುವ ರಾತ್ರಿ ಸ್ಥಳೀಯ ಬಸ್ಸಿನ ಚಾಲಕರಿಗೆ ಕರೆಮಾಡಿದೆ. ಅಂಕೋಲಾ ಕಡೆಯವರು, ವಯಸ್ಸಾದವರು. ಮಧ್ಯಾಹ್ನ ಒಂದು ಗಂಟೆಗೆ ಬೇಲೆಕಾನದಲ್ಲಿ ಬಸ್ಸು ನಿಂತಿರಲಿ, ಅಲ್ಲಿಂದಲೇ ಊಟಕ್ಕೆ ಹೋಗೋಣ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ನಾಳೆ ಹುಣ್ಣಿಮೆಯಲ್ಲವೇ ಸರ್? ನಿಮ್ಮ ಊಟ ತಡವಾದೀತು” ಎಂದರು. ಹುಣ್ಣಿಮೆ ಎಂದೊಡನೆ ನನ್ನ ತಲೆಗೆ ಹೊಳೆದದ್ದು ಮಹಾಬಲೇಶ್ವರನ ಗುಡಿ, ರಥಬೀದಿಯ ನೂಕುನುಗ್ಗಲು. “ನಾವು ದೇವಸ್ಥಾನಕ್ಕೆ ಹೋಗುವವರಲ್ಲ, ನೇರ ಸಮುದ್ರಕ್ಕೆ” ಎಂದುಬಿಟ್ಟೆ. ಅವರು “ಆಯಿತು ಸರ್” ಎಂದು ಫೋನು ಇಟ್ಟರು. ಬೆಂಗಳೂರಿನಿಂದ ಬರುವ ಸರ್‌ಗಳ ಜೊತೆ ವಾದ ಮಾಡಿ ಅವರಿಗೆ ಸಾಕಾಗಿರಬೇಕು.

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಓಂ ತೀರದಲ್ಲಿ ಚಹಾ, ಫೋಟೋ ಎಂದು ಸಾಕಷ್ಟು ಹೊತ್ತು ಹೋಯಿತು. ಆದರೂ ನನ್ನ ವೇಳಾಪಟ್ಟಿಗೆ ಹತ್ತು ನಿಮಿಷ ಮುಂದೆಯೇ ಇದ್ದೆವು. ಹನ್ನೊಂದು ನಲವತ್ತಕ್ಕೆ ಆ ಬಂಡೆಗಳ ಜಾಗ ತಲುಪಿದರೆ, ಬಂಡೆಗಳೇ ಇರಲಿಲ್ಲ.

ಅಲೆ ಬಂದು ಗುಡ್ಡದ ಬುಡಕ್ಕೇ ಅಪ್ಪಳಿಸುತ್ತಿತ್ತು. ಹಿಂದೆ ಸರಿದಾಗ ಒಂದೆರಡು ಕರಿನೆತ್ತಿಗಳು ಮೂರು ಸೆಕೆಂಡು ಕಾಣಿಸಿ ಮತ್ತೆ ನೊರೆಯಲ್ಲಿ ಮುಳುಗುತ್ತಿದ್ದವು. ನಾನು ತಪ್ಪು ಜಾಗಕ್ಕೆ ಬಂದೆನೇನೋ ಎಂದು ಹಿಂದೆ ಮುಂದೆ ನೋಡಿದೆ. ಅಷ್ಟರಲ್ಲಿ ಇಬ್ಬರು ಹುಡುಗರು ಅಲೆಯ ನಡುವಿನ ಬಿಡುವನ್ನು ಎಣಿಸಿಕೊಂಡು ನುಗ್ಗಿಯೇಬಿಟ್ಟರು. ಒಬ್ಬ ಹೇಗೋ ಹಿಂದಕ್ಕೆ ಹಾರಿದ. ಇನ್ನೊಬ್ಬನ ಕಾಲು ಪಾಚಿಯ ಮೇಲೆ ಜಾರಿತು, ಬೀಳುವಾಗ ಕೈಯೂರಿದ. ಅಲ್ಲಿಯ ಬಂಡೆಗಳಿಗೆ ಅಂಟಿಕೊಂಡಿರುವ ಚಿಪ್ಪುಗಳ ಅಂಚು ಬ್ಲೇಡಿಗಿಂತ ಹರಿತ. ಎಳೆದುಕೊಂಡಾಗ ಅಂಗೈಯಲ್ಲಿ ನಾಲ್ಕು ಸಮಾನಾಂತರ ಗೀರು, ಬಲಗಾಲಿನ ಶೂ ಸಮುದ್ರಪಾಲು. ಗಾಯ ಆಳವಾಗಿರಲಿಲ್ಲ. ಆದರೆ ಉಪ್ಪುನೀರಿನಲ್ಲಿ ನೆನೆದ ರಕ್ತ ಇರುವುದಕ್ಕಿಂತ ಹತ್ತುಪಟ್ಟು ಕಾಣುತ್ತದೆ. ಇಪ್ಪತ್ತು ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗಿದವು.

ಮೇಲಿನ ಗುಡ್ಡದ ದಾರಿ ಹಿಡಿಯೋಣವೆಂದರೆ ಅದನ್ನು ನಾನು ನೋಡಿಯೇ ಇರಲಿಲ್ಲ. ಹಿಂದಿನ ವಾರ ಕೆಳಗೆ ಸಲೀಸಾಗಿದ್ದಾಗ ಮೇಲೇಕೆ ಹತ್ತಬೇಕು? ದೋಣಿ ಕರೆಸೋಣವೆಂದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಎಲ್ಲರನ್ನೂ ಹಾಫ್ ಮೂನಿಗೆ ಮರಳಿಸಿ ನೆರಳಿನಲ್ಲಿ ಕೂರಿಸಿದೆ. ಊಟ ಒಂದು ಗಂಟೆಗೆ ಎಂಬ ಲೆಕ್ಕದಲ್ಲಿ ತಲೆಗೊಂದು ಲೀಟರ್ ನೀರು ಕೊಟ್ಟಿದ್ದೆ. ಅದು ಆಗಲೇ ಮುಗಿಯುತ್ತ ಬಂದಿತ್ತು. ಉಳಿದದ್ದನ್ನು ಮುಚ್ಚಳದ ಲೆಕ್ಕದಲ್ಲಿ ಹಂಚಿದ್ದು ನನ್ನ ವೃತ್ತಿಜೀವನದ ಹೆಮ್ಮೆಯ ಗಳಿಗೆಯೇನಲ್ಲ. ಮುಕ್ಕಾಲು ಮೂರಕ್ಕೆ ನೀರು ಇಳಿದು ಬಂಡೆ ತೆರೆದುಕೊಂಡಿತು, ದಾಟಿದೆವು. ಬೇಲೆಕಾನ ಮುಟ್ಟಿದಾಗ ನಾಲ್ಕು. ಬಸ್ಸಿನ ನೆರಳಿನಲ್ಲಿ ಚಾಪೆ ಹಾಸಿ ಮಲಗಿದ್ದ ಚಾಲಕರು ಎದ್ದು ಕೂತು, ಏನನ್ನೂ ಕೇಳದೆ, ನೀರಿನ ಕ್ಯಾನು ಕೆಳಗಿಳಿಸಿದರು. ಅದನ್ನು ಅವರು ತಾವಾಗಿಯೇ ತಂದಿದ್ದರು.

ಆ ಕಚೇರಿಗೆ ಅರ್ಧ ಹಣ ಹಿಂತಿರುಗಿಸಿದೆವು. ನ್ಯಾಯವಾಗಿ ನೋಡಿದರೆ ಪೂರ್ತಿ ಕೊಡಬೇಕಿತ್ತು.

ಎಡವಿದ್ದು ಎಲ್ಲಿ ಎಂದು ಕೂತು ಲೆಕ್ಕ ಹಾಕಿದಾಗ ನಾಚಿಕೆಯಾಯಿತು. ಸಮುದ್ರಕ್ಕೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಎಂದು ಶಾಲೆಯಲ್ಲಿ ಓದಿದ್ದೆ. ಅವು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತವೆ ಎಂಬುದೂ ಗೊತ್ತಿತ್ತು. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ದಿನಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ. ಏಳು ದಿನಕ್ಕೆ ಅದು ಹೆಚ್ಚುಕಡಿಮೆ ಆರು ಗಂಟೆ. ಉಬ್ಬರದಿಂದ ಇಳಿತಕ್ಕೆ ಬೇಕಾದ ಹೊತ್ತೂ ಅಷ್ಟೇ. ಎಂದರೆ ಈ ಶನಿವಾರ ಹನ್ನೆರಡಕ್ಕೆ ಇಳಿತ ಕಂಡರೆ ಮುಂದಿನ ಶನಿವಾರ ಅದೇ ಹನ್ನೆರಡಕ್ಕೆ ಕಾಣುವುದು ಉಬ್ಬರ. ಒಂದು ವಾರ ಮೊದಲು ದಾರಿ ನೋಡಿಬರುವುದು ಬೆಟ್ಟದಲ್ಲಿ ಎಚ್ಚರಿಕೆ. ಕಡಲಂಚಿನಲ್ಲಿ ಅದಕ್ಕಿಂತ ಕೆಟ್ಟ ದಿನ ಆರಿಸಲು ಸಾಧ್ಯವೇ ಇಲ್ಲ. ಸರಿಯಾಗಿ ತಿರುಗುಮುರುಗು ಚಿತ್ರವನ್ನು ನೋಡಿಬಂದು ಅದನ್ನೇ ನಂಬಿದ್ದೆ. ಎರಡು ವಾರ ಮೊದಲು ಹೋಗಿದ್ದರೆ ಬಹುಮಟ್ಟಿಗೆ ಅದೇ ಹೊತ್ತಿಗೆ ಅದೇ ನೀರು ಸಿಗುತ್ತಿತ್ತು.

ಸಾಲದೆಂಬಂತೆ ನಾನು ನೋಡಿಬಂದದ್ದು ಅಷ್ಟಮಿಯ ಆಸುಪಾಸು, ತಂಡ ಕರೆದೊಯ್ದದ್ದು ಹುಣ್ಣಿಮೆಯ ದಿನ. ಅಷ್ಟಮಿಯ ಹೊತ್ತಿಗೆ ಸೂರ್ಯ ಚಂದ್ರರ ಸೆಳೆತ ಒಂದಕ್ಕೊಂದು ಅಡ್ಡವಾಗಿರುವುದರಿಂದ ನೀರು ಹೆಚ್ಚು ಏರುವುದಿಲ್ಲ, ಹೆಚ್ಚು ಇಳಿಯುವುದೂ ಇಲ್ಲ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಎರಡೂ ಒಂದೇ ಸಾಲಿನಲ್ಲಿ ಎಳೆಯುತ್ತವೆ. ನಮ್ಮ ಕರಾವಳಿಯಲ್ಲಿ ಆಗ ಏರಿಳಿತದ ಅಂತರ ಎರಡು ಮೀಟರಿನ ಆಸುಪಾಸಿಗೆ ಹೋಗುತ್ತದೆ. ಆ ದಿನಗಳಲ್ಲಿ ಇಲ್ಲಿ ಉಬ್ಬರ ತುದಿಮುಟ್ಟುವುದು ನಡುಮಧ್ಯಾಹ್ನಕ್ಕೆ ಸ್ವಲ್ಪ ಮೊದಲು. ನೀರು ಒಂದೇ ವೇಗದಲ್ಲಿ ಏರುವುದೂ ಇಲ್ಲ. ಆರು ಗಂಟೆಯ ಏರಿಕೆಯಲ್ಲಿ ಅರ್ಧದಷ್ಟು ನಡುವಿನ ಎರಡೇ ಗಂಟೆಗಳಲ್ಲಿ ಆಗಿಹೋಗುತ್ತದೆ. ನಾವು ಓಂ ತೀರದಲ್ಲಿ ಚಹಾ ಹೀರುತ್ತಿದ್ದಾಗ ಆಗುತ್ತಿದ್ದದ್ದು ಅದೇ. ಚಾಲಕರ ಒಂದು ಮಾತಿನಲ್ಲಿ ಇದಿಷ್ಟೂ ಇತ್ತು.

ಆಮೇಲೆ ಕೆಲಸದ ಕ್ರಮವೇ ಬದಲಾಯಿತು. ಮೊದಲು ದೂರ ಬರೆದು ಅದಕ್ಕೆ ಸಮಯ ಕೂಡಿಸುತ್ತಿದ್ದೆ. ಈಗ ಮೊದಲು ಬರೆಯುವುದು ಆ ಐವತ್ತು ಹೆಜ್ಜೆಯ ಬಂಡೆಯನ್ನು ದಾಟಬೇಕಾದ ಗಂಟೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಹೊರಡುವ ಹೊತ್ತು, ಮುಂದಕ್ಕೆ ಎಣಿಸಿದರೆ ಊಟ. ಹುಣ್ಣಿಮೆ ಅಮಾವಾಸ್ಯೆಯ ವಾರಾಂತ್ಯ ಬಿಟ್ಟರೆ ಬೇರೆ ದಿನವೇ ಇಲ್ಲ ಎನ್ನುವವರಿಗೆ ದಾರಿಯನ್ನೇ ತಿರುವುಹಾಕುತ್ತೇನೆ: ಬೆಳಿಗ್ಗೆ ಏಳಕ್ಕೆ ಬೇಲೆಕಾನದಿಂದ ಹೊರಟು, ಮುಂಜಾವಿನ ಇಳಿತದ ನೀರು ಪೂರ್ತಿ ಏರುವ ಮೊದಲೇ ಬಂಡೆ ದಾಟಿ, ಗೋಕರ್ಣದಲ್ಲಿ ಮುಗಿಸುವುದು. ಮೇಲಿನ ಗುಡ್ಡದ ದಾರಿಯನ್ನೂ ಎರಡು ಸಲ ನಡೆದು ನೋಡಿದ್ದೇನೆ. ಚೆನ್ನಾಗಿಯೇ ಇದೆ, ಒಣಹುಲ್ಲಿನಡಿ ಚಿರೆಕಲ್ಲಿನ ಗುಂಡುಹರಳು ಕಾಲು ಜಾರಿಸುತ್ತವೆ, ಅಷ್ಟೇ. ಉಬ್ಬರ ಇಳಿತದ ವೇಳೆಯನ್ನು ಕಾರವಾರದ ಲೆಕ್ಕದಲ್ಲಿ ನೋಡುತ್ತೇನೆ. ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆಗಳ ಮುನ್ಸೂಚನೆಯನ್ನೂ ತಪ್ಪದೆ ಓದುತ್ತೇನೆ. ಇಲ್ಲಿ ಗಾಳಿಯೇ ಇಲ್ಲದ ದಿನವೂ ದೂರದ ಸಾಗರದಲ್ಲೆದ್ದ ಅಲೆ ಇಲ್ಲಿಯ ಬಂಡೆಗೆ ಬಂದು ಬಡಿಯಬಹುದು. ಅದು ತಿಥಿಯ ಲೆಕ್ಕಕ್ಕೆ ಸಿಗುವುದಿಲ್ಲ.

ನೀರು ತಲೆಗೆ ಮೂರು ಲೀಟರ್. ಈಜು ಇಲ್ಲ, ಮೊಣಕಾಲಿನವರೆಗೆ ಮಾತ್ರ. ಇದಕ್ಕೆ ಪ್ರತಿ ತಂಡದಲ್ಲಿಯೂ ಒಬ್ಬರು ಮುನಿಸಿಕೊಳ್ಳುತ್ತಾರೆ. ಓಂ ತೀರದ ಸೆಳವಿನಲ್ಲಿ ಈಜು ಬಲ್ಲವರೂ ಜೀವ ಕಳೆದುಕೊಂಡಿದ್ದಾರೆ, ಹಾಗಾಗಿ ಆ ಮುನಿಸನ್ನು ನಾನು ಸಂತೋಷದಿಂದ ಹೊರುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ಹಸಿರು ಚೆನ್ನಾಗಿರುತ್ತದಲ್ಲವೇ’ ಎಂದು ಕೇಳುವವರಿಗೂ ಇಲ್ಲ ಎನ್ನುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಮೀನುಗಾರರೇ ದಡದಲ್ಲಿ ಬಲೆ ಹೊಲಿಯುತ್ತ ಕೂತಿರುವ ಕಾಲದಲ್ಲಿ ನಾವು ನೀರಂಚಿನ ಬಂಡೆ ಹತ್ತುವುದೇನಿದೆ?

ಹೆಸರಿನ ಗೊಂದಲದ ಒಂದು ಸಣ್ಣ ಮಾತನ್ನೂ ಸೇರಿಸಬೇಕು, ಏಕೆಂದರೆ ಇದರಿಂದಲೂ ನನಗೆ ಪೆಟ್ಟು ಬಿದ್ದಿದೆ. ಗೋಕರ್ಣದಲ್ಲಿರುವುದು ಕುಡ್ಲೆ. ಅಘನಾಶಿನಿ ನದಿಯ ಆಚೆ, ಕುಮಟಾ ಪಟ್ಟಣದ ಬಳಿ ಇರುವುದು ಕಡ್ಲೆ. ಒಮ್ಮೆ ತಿಂಡಿಯ ಡಬ್ಬಗಳನ್ನು ಹೊತ್ತ ರಿಕ್ಷಾ ಕಡ್ಲೆಗೆ ಹೋಗಿ ನಿಂತಿತ್ತು. ರಸ್ತೆಯಲ್ಲಿ ಮೂವತ್ತು ಕಿಲೋಮೀಟರಿನ ಅಂತರ. ಹದಿನೈದು ಜನರ ಇಡ್ಲಿ ಹತ್ತೂವರೆಗೆ ಬಂತು. ಅಂದಿನಿಂದ ತೀರದ ಹೆಸರಿನ ಜೊತೆ ಊರಿನ ಹೆಸರನ್ನೂ ಬರೆಯದೆ ಯಾರಿಗೂ ಸಂದೇಶ ಕಳಿಸುವುದಿಲ್ಲ.

ನಮ್ಮ ಕಚೇರಿಯ ಗೋಡೆಯ ಮೇಲೆ ಈಗ ಪಂಚಾಂಗದ ಕ್ಯಾಲೆಂಡರ್ ಇದೆ. ದಿನ ಗೊತ್ತುಮಾಡಲು ಬಂದವರ ಮುಂದೆ ನಾನು ಎದ್ದು ಹೋಗಿ ತಿಥಿ ನೋಡಿದರೆ, “ಮುಹೂರ್ತ ನೋಡುತ್ತೀರಾ?” ಎಂದು ಕೇಳುತ್ತಾರೆ. ಹೌದೆನ್ನುತ್ತೇನೆ, ವಿವರಿಸಲು ಹೊತ್ತು ಹಿಡಿಯುತ್ತದೆ. ಮುಂದಿನ ಶನಿವಾರ 16 ಜನರ ತಂಡವಿದೆ, ಅಂದು ಅಷ್ಟಮಿ. ಊಟ ಒಂದೂವರೆಗೆ ಎಂದು ಚಾಲಕರಿಗೆ ಹೇಳಿದೆ. ಈ ಸಲ ಅವರು ಸುಮ್ಮನಾಗಲಿಲ್ಲ, ಬಂಗಡೆ ಹುರಿಯಲು ಹೇಳಲೇ ಎಂದು ಕೇಳಿದರು.