ಯಡಕುಮರಿಯವರೆಗೆ ಜೊತೆ ಬಂದವರು

ಕೊನೆಯ ಪರೀಕ್ಷೆ ಮಣ್ಣಿನದು, ಜಿಯೋಟೆಕ್ನಿಕಲ್. ಗುಡ್ಡ ಯಾಕೆ ಕುಸಿಯುತ್ತದೆ ಅಂತ ಆರು ಪುಟ ಬರೆದು ಬಂದೆ. ಮರುದಿನ ಬೆಳಗ್ಗೆ ಯಶವಂತಪುರದಲ್ಲಿ ಕಾರವಾರದ ರೈಲು ಹತ್ತಿದೆ. ರಾತ್ರಿ ಬಸ್ಸಿಗೆ ಹೋದರೆ ಮನೆ ಬೇಗ ಸಿಗುತ್ತದೆ, ನಿಜ. ಆದರೆ ಘಟ್ಟವನ್ನು ನಿದ್ದೆಯಲ್ಲಿ ಇಳಿಯುವುದು ನನಗೆ ಸೇರುವುದಿಲ್ಲ.

ಸ್ಟೇಷನ್ ಹೊರಗೆ ಕಟ್ಟಿಸಿಕೊಂಡ ಪಲಾವ್ ಹಾಸನಕ್ಕೆ ಬರುವಷ್ಟರಲ್ಲಿ ಹಳಸಿತ್ತು. ಈ ರೈಲಿಗೆ ಬರುವವರು ದಯವಿಟ್ಟು ಒಣ ಬುತ್ತಿ ಕಟ್ಟಿಕೊಳ್ಳಿ. ಚಪಾತಿ, ಅವಲಕ್ಕಿ, ಏನಾದರೂ ಸರಿ. ಘಟ್ಟದೊಳಗೆ ಹಸಿವಾದರೆ ಕೊಳ್ಳಲು ಏನೂ ಸಿಗುವುದಿಲ್ಲ.

ಸಕಲೇಶಪುರದಲ್ಲಿ ಎದುರಿನ ಸೀಟಿಗೆ ಒಬ್ಬ ಹಿರಿಯರು ಬಂದು ಕೂತರು. ಬುತ್ತಿ ಬಿಚ್ಚಿದವರೇ ಎರಡು ಅಕ್ಕಿರೊಟ್ಟಿ ನನ್ನ ಕೈಗಿಟ್ಟರು. "ತಗೋ ಮಗಾ." ಹಳಿ ಕಾಯುವ ಕೆಲಸವಂತೆ. ಘಟ್ಟದ ನಡುವಿನ ಯಡಕುಮರಿ ಸ್ಟೇಷನ್ ಕಡೆ ಡ್ಯೂಟಿ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ಯಾವಾಗಲೂ ಸುರಂಗ ಎಣಿಸುತ್ತಾ ಹೋಗುವವಳು ನಾನು. ಈ ಸಲ ನಾಲ್ಕಕ್ಕೇ ನಿಲ್ಲಿಸಿದೆ.

"ಮಳೆಗಾಲದಲ್ಲಿ ರಾತ್ರಿನೂ ನಡೀತೀರಾ?"

"ಮಳೆಗಾಲದಲ್ಲೇ ಅಲ್ವಾ ನಡೀಬೇಕಾದ್ದು?"

ಕೈಯಲ್ಲಿ ಟಾರ್ಚು, ಕೆಂಪು ಬಾವುಟ, ಚೀಲದಲ್ಲಿ ಡಿಟೊನೇಟರ್. ಮುಂದೆ ಮಣ್ಣು ಬಿದ್ದಿದ್ದರೆ ಈ ಡಿಟೊನೇಟರನ್ನು ಹಳಿಯ ಮೇಲೆ ಇಡುತ್ತಾರೆ. ಗಾಲಿ ತಾಗಿದರೆ ಢಮ್ ಅನ್ನುತ್ತದೆ, ಚಾಲಕರು ಬ್ರೇಕ್ ಹಾಕುತ್ತಾರೆ.

"ಗುಡ್ಡ ಜಾರೋದು ಮೊದಲೇ ಗೊತ್ತಾಗುತ್ತಾ?"

ಅವರು ಸ್ವಲ್ಪ ಹೊತ್ತು ಕಿಟಕಿ ನೋಡಿದರು. "ನೀರು ನೋಡ್ಬೇಕು. ತಿಳಿಯಾಗಿ ಬರೋ ಝರಿ ಕೆಂಪಾದ್ರೆ ಹುಷಾರು. ಜೋರು ಮಳೇಲಿ ಝರಿ ನಿಂತೇ ಹೋದ್ರೆ ಇನ್ನೂ ಹುಷಾರು. ಅಂದ್ರೆ ನೀರು ಗುಡ್ಡದ ಒಳಗೇ ಕೂತಿದೆ."

ನನ್ನ ಕೈಯ ರೊಟ್ಟಿ ಹಾಗೇ ಉಳಿಯಿತು. ಒಳಗೆ ನೀರಿನ ಒತ್ತಡ ಏರಿದಷ್ಟೂ ಮಣ್ಣು ಹಿಡಿತ ಬಿಡುತ್ತದೆ. ನಾನು ಪರೀಕ್ಷೆಯಲ್ಲಿ ಸೂತ್ರ ಹಾಕಿ ಬರೆದದ್ದು ಇದನ್ನೇ. ಆದರೆ ನಿಂತುಹೋದ ಝರಿಗೆ ಹೆದರಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

"ಯಾವೂರು?"

"ಅಂಕೋಲೆ."

"ಶಿರೂರು ಹತ್ರಾನಾ?"

ಹೌದು ಅಂದೆ. 2024ರ ಜುಲೈ 16ರ ಬೆಳಗ್ಗೆ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಬಂತು. ಚಹಾ ಅಂಗಡಿ, ಅಲ್ಲಿದ್ದ ಜನ, ನಿಂತ ಲಾರಿ, ಎಲ್ಲ ಗಂಗಾವಳಿಯ ಪಾಲಾಯಿತು. ಆ ಅಂಗಡಿಯ ಮುಂದೆ ನಾನೆಷ್ಟು ಸಲ ಹೋಗಿದ್ದೇನೆ! ಅದೇ ತಿಂಗಳ ಕೊನೆಗೆ ಯಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೂ ಜಾರಿತು. ರೈಲುಗಳು ದಿನಗಟ್ಟಲೆ ನಿಂತವು. "ಮರಳು ಚೀಲ ಹೊತ್ತೂ ಹೊತ್ತೂ ಹೆಗಲು ಸುಲಿದಿತ್ತು," ಅಂದರು. ಅಷ್ಟೇ ಹೇಳಿದ್ದು.

ಯಡಕುಮರಿಯಲ್ಲಿ ರೈಲು ನಿಂತಿತು. ಸುತ್ತ ಬರೀ ಕಾಡು. ಅವರು ಬುತ್ತಿ ಹಿಡಿದು ಇಳಿದರು. ಚೆನ್ನಾಗಿ ಓದು ಅಂದರು. ಹೆಸರು ಕೇಳುವುದನ್ನೇ ಮರೆತಿದ್ದೆ.

ಆಮೇಲಿನ ಕರಾವಳಿ, ಹೊಳೆಗಳು, ಸೇತುವೆಗಳು ಯಾವುದೂ ತಲೆಗೆ ಹೋಗಲಿಲ್ಲ. ರಾತ್ರಿ ಮನೆಯಲ್ಲಿ ಕರಿ ಇಶಾಡು ಮಾವಿನ ಹಣ್ಣು ಕಾದಿತ್ತು. ತೆಳು ಸಿಪ್ಪೆ, ತುಂಬಾ ರಸ. ಇದರ ಮುಂದೆ ಆಪೂಸು ನನಗೆ ಬೇಡ. ಜಾಸ್ತಿ ದಿನ ಇಡಲಾಗದ ಹಣ್ಣು, ಊರಿಗೆ ಬಂದೇ ತಿನ್ನಬೇಕು.

ಬೆಳಗ್ಗೆ ಅಮ್ಮನನ್ನು ಕರೆದುಕೊಂಡು ಮನೆ ಹಿಂದಿನ ಗುಡ್ಡಕ್ಕೆ ಹೋದೆ. ಬೇಸಿಗೆಗೆ ಒರತೆ ಒಣಗಿತ್ತು. ಮಳೆಗಾಲದಲ್ಲಿ ನೀರು ಎಲ್ಲಿಂದ ಬರುತ್ತೆ, ಯಾವ ಬಣ್ಣ ಇರುತ್ತೆ ಅಂತ ಕೇಳಿದೆ. ಅಮ್ಮ ಎರಡು ಬಂಡೆಗಳ ನಡುವಿನ ಸಂದು ತೋರಿಸಿದರು. "ಹಾಲಿನ ಹಾಗೆ ಬಿಳಿ ಇರುತ್ತೆ," ಅಂದರು.