ಹಿತೊಯೊಶಿಗೆ ಹೊರಟವರಿಗೆ: ಅಕ್ಕಿ ಶೋಚುವಿನ ಊರಿನಲ್ಲಿ ಎರಡು ದಿನ

ಜಪಾನಿನ ಅಕ್ಕಿ ಮದ್ಯ ಎಂದರೆ ಸಾಕೆ ಎಂದುಕೊಂಡೇ ಹೆಚ್ಚಿನವರು ಹೋಗುತ್ತಾರೆ. ಸಾಕೆ ಹುದುಗಿಸಿ ಹಿಂಡಿದ್ದು. ಭಟ್ಟಿ ಇಳಿಸಿದ್ದು ಶೋಚು. ಅಕ್ಕಿ ಶೋಚುವಿಗೆ ಹೆಸರಾದ ಊರು ಕ್ಯುಶು ದ್ವೀಪದ ಕುಮಾಮೊತೊ ಪ್ರಾಂತ್ಯದ ಹಿತೊಯೊಶಿ. ಸುತ್ತ ಬೆಟ್ಟ, ನಡುವೆ ಕುಮಾ ನದಿ. ‘ಕುಮಾ ಶೋಚು’ ಎಂಬ ಹೆಸರಿಗೆ 1995ರಿಂದ ಭೌಗೋಳಿಕ ಗುರುತಿನ ರಕ್ಷಣೆಯಿದೆ. ಅಕ್ಕಿಯಿಂದಲೇ, ಅಲ್ಲಿನ ನೀರಿನಲ್ಲೇ ಮಾಡಿ, ಅಲ್ಲೇ ಸೀಸೆಗೆ ತುಂಬಿರಬೇಕು.

ಹಳೆಯ ಪ್ರವಾಸ ಪುಸ್ತಕ ನಂಬಿ ಯಾತ್ಸುಶಿರೊ ಊರಿನಲ್ಲಿ ಹಿತೊಯೊಶಿಯ ರೈಲು ಹುಡುಕಬೇಡಿ. ನದಿಯ ಪಕ್ಕದ ಆ ಹಳಿ 2020ರ ಜುಲೈ ಪ್ರವಾಹದಲ್ಲಿ ಸೇತುವೆಗಳ ಸಮೇತ ಹಾಳಾಯಿತು. ಕುಮಾಮೊತೊ ನಗರದಿಂದ ಹೆದ್ದಾರಿ ಬಸ್ಸು ಹಿಡಿದರೆ ಸುಮಾರು ಒಂದೂವರೆ ಗಂಟೆ. ಬಾಡಿಗೆ ಕಾರು ತೆಗೆದುಕೊಂಡರೆ ಚಾಲಕ ಒಂದು ಗುಟುಕೂ ಕುಡಿಯುವಂತಿಲ್ಲ. ಕುಡಿದವನ ಕಾರಿನಲ್ಲಿ ಗೊತ್ತಿದ್ದೂ ಕೂತವರಿಗೂ, ಅವನಿಗೆ ಕುಡಿಸಿದವರಿಗೂ ಅಲ್ಲಿ ಶಿಕ್ಷೆಯಿದೆ. 20 ವರ್ಷ ತುಂಬದವರಿಗೆ ಕುಡಿಯುವ ಅವಕಾಶವೇ ಇಲ್ಲ.

‘ಹಕುತಾಕೆ’ ಶೋಚು ಮಾಡುವವರಂಥ ದೊಡ್ಡ ತಯಾರಕರಿಗೆ ಪ್ರವಾಸಿಗರಿಗೆಂದೇ ಸಂಗ್ರಹಾಲಯವಿದೆ. ಸಣ್ಣ ಭಟ್ಟಿಮನೆಗಳಿಗೆ ಮೊದಲೇ ಫೋನ್ ಮಾಡಿಸಿ. ಆ ದಿನ ಬೆಳಿಗ್ಗೆ ನಾಟೊ ತಿನ್ನಬೇಡಿ. ಆ ಹುದುಗು ಸೋಯಾದ ಬ್ಯಾಕ್ಟೀರಿಯಾ ಕೈಗೆ, ಬಟ್ಟೆಗೆ ಅಂಟಿಕೊಂಡು ಹೋಗಿ ಕೋಜಿಯನ್ನು ಕೆಡಿಸುತ್ತದೆ. ಕೋಜಿ ಎಂದರೆ ಹಬೆಯಲ್ಲಿ ಬೆಂದ ಅಕ್ಕಿಯ ಮೇಲೆ ಸುಮಾರು ಎರಡು ದಿನ ಬೆಳೆಸುವ ಬೂಷ್ಟು. ಕಾಳು ಹೊರಗೆ ಆರಿ, ಒಳಗೆ ಮೆತ್ತಗಿರಬೇಕು. ಮುದ್ದೆಯಾದರೆ ಗಾಳಿಯಾಡದೆ ಬೂಷ್ಟು ಕಾಳಿನೊಳಕ್ಕೆ ಇಳಿಯುವುದಿಲ್ಲ. ಬಿಳಿ ಕೋಜಿಯ ಕಾಳು ಸಿಕ್ಕರೆ ಕಚ್ಚಿ ನೋಡಿ, ನಿಂಬೆಯ ಹುಳಿ! ಆ ಸಿಟ್ರಿಕ್ ಆಮ್ಲವೇ ಕ್ಯುಶುವಿನ ಸೆಕೆಯಲ್ಲಿ ಹುದುಗು ಹಾಳಾಗದಂತೆ ಕಾಯುವುದು. ಕೋಜಿ, ನೀರು, ಯೀಸ್ಟ್ ಬೆರೆಸಿ ಒಂದು ವಾರ. ಬೆಂದ ಅಕ್ಕಿ ಸೇರಿಸಿ ಮತ್ತೆರಡು ವಾರ. ಆಮೇಲೆ ಒಂದೇ ಸಲ ಭಟ್ಟಿ.

ರುಚಿ ನೋಡುವಾಗ ‘ಜೊಆತ್ಸು’ ಮತ್ತು ‘ಗೆನ್‌ಆತ್ಸು’ ಎರಡನ್ನೂ ಕೇಳಿ ಪಡೆಯಿರಿ. ಈ ಹೋಲಿಕೆಗಾಗಿಯೇ ಅಲ್ಲಿಗೆ ಹೋಗಬೇಕು. ಮೊದಲನೆಯದು ಸಾಮಾನ್ಯ ಒತ್ತಡದಲ್ಲಿ ಕುದಿಸಿದ್ದು: ಹುರಿದಕ್ಕಿಯ ಘಮ, ಗಡಸು ರುಚಿ. ಎರಡನೆಯದು ಒತ್ತಡ ತಗ್ಗಿಸಿ 50 ಡಿಗ್ರಿಯ ಆಸುಪಾಸಿನಲ್ಲಿ ಇಳಿಸಿದ್ದು: ತಿಳಿ, ಹಣ್ಣಿನ ವಾಸನೆ. ಹಳೆಯ ಪದ್ಧತಿಯವರು ‘ಗಾರಾ’ ಎಂಬ ಉದ್ದ ಕೊಕ್ಕಿನ ಮಣ್ಣಿನ ಗಿಂಡಿಯಲ್ಲಿ ನೀರು ಬೆರೆಸದೆ ಬಿಸಿಮಾಡಿ, ಬೆರಳ ತುದಿಯಷ್ಟಿರುವ ‘ಚೊಕು’ ಬಟ್ಟಲಿಗೆ ಬಗ್ಗಿಸುತ್ತಾರೆ. ಬಟ್ಟಲು ಪುಟ್ಟದೆಂದು ಲೆಕ್ಕ ತಪ್ಪಿಸಬೇಡಿ. ಬಿಸಿನೀರಿನ ಜೊತೆಗಾದರೆ ಮೊದಲು ನೀರು 4 ಪಾಲು, ಅದರ ಮೇಲೆ ಶೋಚು 6 ಪಾಲು. 25% ಇದ್ದದ್ದು 15%ಕ್ಕೆ ಇಳಿಯುತ್ತದೆ. ಕುದಿಯುವ ನೀರು ಹಾಕಿದರೆ ಮೂಗಿಗೆ ಘಾಟೇ ಹೊಡೆಯುತ್ತದೆ, 70 ಡಿಗ್ರಿ ಸಾಕು.

ಭಾರತಕ್ಕೆ ಸುಂಕವಿಲ್ಲದೆ ತಲಾ 2 ಲೀಟರ್ ತರಬಹುದು: 720 ಮಿ.ಲೀ.ನ ಎರಡು ಸೀಸೆ, ಇಲ್ಲವೇ 1.8 ಲೀಟರಿನದು ಒಂದು. ಜೊಆತ್ಸು ಒಂದು, ಗೆನ್‌ಆತ್ಸು ಒಂದು ಕೊಳ್ಳಿ. ಎರಡನ್ನೂ ಬಟ್ಟೆ ಸುತ್ತಿ ದೊಡ್ಡ ಪೆಟ್ಟಿಗೆಯೊಳಗೇ ಇಡಿ. ಕೈಚೀಲದಲ್ಲಿದ್ದರೆ ತಪಾಸಣೆಯಲ್ಲೇ ಬಿಟ್ಟು ಬರಬೇಕಾಗುತ್ತದೆ.